ಕೂಗು ಕೇಳಿಸಿತ್ತೋ, ಇಲ್ಲವೋ?

ಬ್ಲಾಗಿಗೆ ಬೀಗ ಹಾಕಿ ತುಂಬಾ ದಿನಗಳಾಗಿದ್ದವು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಕೂತು ಬರೆಯುವ ಸೋಮಾರಿತನ ಅಷ್ಟೇ. ಆದರೆ ಈ ವಿಷಯ ಮಾತ್ರ ಕೆಲವು ವರ್ಷಗಳಿಂದ ತಲೆಯಲ್ಲಿ ಗುಂಯ್ ಅಂತಾನೇ ಇದೆ. ದೇವಾಸ್-ಆಂಟ್ರಿಕ್ಸ್ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನನಗೆ ನಮ್ಮ ಆಫೀಸಿನ ಒಂದು ಮಧ್ಯಾಹ್ನ ನೆನಪಾಗುತ್ತೆ. ಇವತ್ತು ಬರೆದು ಮುಗಿಸಿಬಿಡ್ತೀನಿ. ಸ್ವಲ್ಪ ಉದ್ದವಾಗಬಹುದು, ಕಾಫಿ ಇಟ್ಕೊಂಡು ಓದಿ.

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲನಲ್ಲ. ಮಿಡಿಸೌತೆ (ಅದೇ, ಬರ್ಗರ್ ಒಳಗೆ ಹುಳ್ಳಗೆ ಸಿಗುತ್ತಲ್ಲ, ಗೆರ್ಕಿನ್) ರಫ್ತು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು. ರೈತರಿಂದ ಬಂದ ಮಿಡಿಯನ್ನು ಉಪ್ಪುನೀರಿನಲ್ಲಿ ಹಾಕಿ, ಡ್ರಮ್ಮುಗಳಲ್ಲಿ ತುಂಬಿ, ಕಂಟೇನರ್ ಹತ್ತಿಸಿ ಯುರೋಪಿಗೆ ಕಳಿಸೋದು. ನನ್ನ ಪಾಲಿಗೆ ಬರೋದು ಇನ್‌ವಾಯ್ಸು, ಬಿಲ್ ಆಫ್ ಲೇಡಿಂಗು, ಬ್ಯಾಂಕಿನ ಓಡಾಟ. ಕರಾರಿನ ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಷರತ್ತು ಇರುತ್ತಿತ್ತು: ತಕರಾರು ಬಂದರೆ ಕೋರ್ಟಿಗಲ್ಲ, ಮಧ್ಯಸ್ಥಿಕೆಗೆ ಹೋಗಬೇಕು, ಅದೂ ಕೊಳ್ಳುವವನ ಊರಲ್ಲಿ. ಅದನ್ನು ನಾವು ಯಾರೂ ಯಾವತ್ತೂ ಓದಿದವರಲ್ಲ.

2017ರಲ್ಲಿ ಒಬ್ಬ ಖರೀದಿದಾರ ಮಾಲು ಮೆತ್ತಗಾಗಿದೆ ಅಂತ ತಗಾದೆ ತೆಗೆದ. ನಮ್ಮ ಯಜಮಾನರು ಉತ್ತರ ಕೊಡಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಮೇಲ್ ಬಂತು, ಮಧ್ಯಸ್ಥಗಾರರನ್ನು ನೇಮಿಸಿದ್ದೇವೆ, ನಿಮ್ಮ ಉತ್ತರ ಕಳಿಸಿ ಅಂತ. ಕೆಲಸ ಬಿಟ್ಟುಹೋಗಿದ್ದ ಒಬ್ಬ ಸಹೋದ್ಯೋಗಿಯ ಹಳೇ ಮೇಲ್‌ಬಾಕ್ಸಿಗೆ ಅದು ಬಂದಿತ್ತು. ಪಾಸ್‌ವರ್ಡ್ ನನ್ನ ಹತ್ತಿರ ಇತ್ತು, ವಾರಕ್ಕೊಮ್ಮೆ ತೆಗೆದು ನೋಡುತ್ತಿದ್ದೆ. ಪ್ರಿಂಟ್ ತೆಗೆದು ಯಜಮಾನರ ಮೇಜಿನ ಮೇಲಿಟ್ಟೆ. "ಇರ್ಲಿ ಬಿಡಪ್ಪಾ, ಅವರೇನು ಇಲ್ಲಿಗೆ ಬಂದು ವಸೂಲಿ ಮಾಡ್ತಾರಾ?" ಅಂದರು. ಕೊರಿಯರ್ ಮಾತ್ರ ನಮ್ಮ ಹಳೇ ವಿಳಾಸಕ್ಕೆ ಹೋಗಿ, "ಇಲ್ಲಿ ಯಾರೂ ಇಲ್ಲ" ಅಂತ ಬರೆಸಿಕೊಂಡು ವಾಪಸ್ಸಾಗಿತ್ತು. ವಿಳಾಸ ಬದಲಾಗಿದೆ ಅಂತ ನಾವೇ ಅವರಿಗೆ ತಿಳಿಸಿರಲಿಲ್ಲ.

ಮುಂದಿನ ವರ್ಷ ಬಂದೇಬಿಟ್ಟರು! ಅಲ್ಲಿ ನಮ್ಮ ವಿರುದ್ಧ ತೀರ್ಪಾಗಿ, ಸುಮಾರು 38 ಲಕ್ಷ ರೂಪಾಯಿಯಷ್ಟು ಹಣಕ್ಕೆ ಇಲ್ಲಿನ ಹೈಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ ಹಾಕಿದ್ದರು. ಆ ಮಧ್ಯಾಹ್ನ ವಕೀಲರ ಆಫೀಸಿನಿಂದ ಒಂದು ಅಫಿಡವಿಟ್ಟಿನ ಕರಡು ಬಂತು. ಸಹಿ ಮಾಡಬೇಕಾದವನು ನಾನು. ಒಳಗೆ ಒಂದು ಸಾಲು: "ಮಧ್ಯಸ್ಥಿಕೆ ನಡೆಯುತ್ತಿರುವ ಬಗ್ಗೆ ನಮಗೆ ಯಾವ ನೋಟೀಸೂ ತಲುಪಿರುವುದಿಲ್ಲ."

ಅದನ್ನು ಅಲ್ಲೇ ಬಿಟ್ಟು ಒಂಚೂರು ಕಾನೂನಿನ ಕಡೆ ಹೋಗಿ ಬರೋಣ. ಆ ಸಾಲಿನ ತೂಕ ಆಗಲೇ ಗೊತ್ತಾಗೋದು.

ಮಧ್ಯಸ್ಥಿಕೆ ಅಂದರೆ ಹೊಸದೇನಲ್ಲ ನಮಗೆ, ಅರಳಿಕಟ್ಟೆ ಪಂಚಾಯ್ತಿನೇ. ಇಬ್ಬರೂ ಒಪ್ಪಿದ ಪಂಚರು, ಅವರು ಹೇಳಿದ ಮಾತಿಗೆ ಇಬ್ಬರೂ ಬದ್ಧ. ಪಂಚರ ಈ ತೀರ್ಮಾನಕ್ಕೆ ಸರ್ಕಾರಿ ಕನ್ನಡದಲ್ಲಿ "ಐತೀರ್ಪು" ಅಂತಾರೆ, ಭೂಸ್ವಾಧೀನದ ನೋಟೀಸು ಕಂಡವರಿಗೆ ಈ ಪದ ಚೆನ್ನಾಗಿ ಗೊತ್ತು. ತೊಂದರೆ ಏನಪ್ಪಾ ಅಂದರೆ ಪಂಚರ ಹತ್ತಿರ ಅಮೀನ ಇಲ್ಲ. ಜಪ್ತಿ ಮಾಡಬೇಕು ಅಂದರೆ ಕೋರ್ಟೇ ಬೇಕು. ಇನ್ನು ಪಂಚರು ಕೂತಿದ್ದು ಒಂದು ದೇಶದಲ್ಲಿ, ಸೋತವನ ಆಸ್ತಿ ಇರೋದು ಇನ್ನೊಂದು ದೇಶದಲ್ಲಿ ಅಂದರೆ? ಅದಕ್ಕೇ 1958ರಲ್ಲಿ ನ್ಯೂಯಾರ್ಕ್ ಒಪ್ಪಂದ ಆಯಿತು. ನಿಮ್ಮ ನೆಲದ ಐತೀರ್ಪನ್ನು ನಮ್ಮ ಕೋರ್ಟು ಜಾರಿ ಮಾಡುತ್ತೆ, ನಮ್ಮದನ್ನು ನೀವು ಮಾಡಿ, ಇಷ್ಟೇ ಅದರ ಸಾರ. ಇವತ್ತು 170ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಭಾರತ ಆ ವರ್ಷವೇ ಸಹಿ ಹಾಕಿ 1960ರಲ್ಲಿ ಅಂಗೀಕರಿಸಿತು.

ನಮ್ಮಲ್ಲಿ ಈಗ ಇದು 1996ರ ಮಧ್ಯಸ್ಥಿಕೆ ಕಾಯ್ದೆಯ ಎರಡನೇ ಭಾಗದಲ್ಲಿದೆ. ಅದರ 48ನೇ ಕಲಂ ಅನ್ನೋದು ಒಂದು ಸಣ್ಣ ಬಾಗಿಲು. ವಿದೇಶಿ ಐತೀರ್ಪನ್ನು ಜಾರಿ ಮಾಡಲ್ಲ ಅಂತ ಹೇಳಬೇಕಾದರೆ ಆ ಬಾಗಿಲಿನಿಂದಲೇ ಹೋಗಬೇಕು. ಒಪ್ಪಂದವೇ ಸಿಂಧುವಲ್ಲ, ಪಂಚರು ತಮಗೆ ಒಪ್ಪಿಸದ ವಿಷಯ ತೀರ್ಮಾನಿಸಿದರು, ಪಂಚರ ನೇಮಕವೇ ಸರಿಯಿಲ್ಲ, ಆ ದೇಶದಲ್ಲೇ ಐತೀರ್ಪು ರದ್ದಾಗಿದೆ, ನಮ್ಮ ದೇಶದ ಸಾರ್ವಜನಿಕ ನೀತಿಗೆ ವಿರುದ್ಧ, ಹೀಗೆ ಬೆರಳೆಣಿಕೆಯ ಕಾರಣಗಳು. ಅವುಗಳಲ್ಲಿ ಒಂದು: ನನಗೆ ಸರಿಯಾಗಿ ನೋಟೀಸು ಕೊಡಲಿಲ್ಲ, ಅಥವಾ ನನ್ನ ಕಡೆಯ ಮಾತು ಹೇಳಲು ನನಗೆ ಆಗಲಿಲ್ಲ. ಪಂಚರು ಲೆಕ್ಕ ತಪ್ಪು ಹಾಕಿದರು, ಕರಾರನ್ನು ತಪ್ಪಾಗಿ ಓದಿದರು ಅನ್ನೋದು ಕಾರಣವಲ್ಲ. ತಪ್ಪು ತೀರ್ಪನ್ನೂ ಜಾರಿ ಮಾಡಬೇಕು, ಆದರೆ ಕೇಳದೇ ಕೊಟ್ಟ ತೀರ್ಪನ್ನು ಮಾಡಬೇಕಿಲ್ಲ! ಮೊದಲ ಸಲ ಇದು ಅರ್ಥವಾದಾಗ ನನಗೆ ವಿಚಿತ್ರ ಅನ್ನಿಸಿತ್ತು. ಆಮೇಲೆ ಯೋಚಿಸಿದರೆ, ಇದರಷ್ಟು ಸರಿಯಾದ ಮಾತು ಇನ್ನೊಂದಿಲ್ಲ.

ನಮ್ಮಜ್ಜ ಊರಲ್ಲಿ ಪಂಚಾಯ್ತಿಗೆ ಕೂರುತ್ತಿದ್ದರು. ಅವರು ಹೇಳುತ್ತಿದ್ದದ್ದು ನೆನಪಿದೆ. "ತಳವಾರ ಮೂರು ಸಲ ಹೋಗಿ ಮನೆ ಮುಂದೆ ನಿಂತು ಕೂಗಬೇಕು ಕಣೋ. ಬರ್ಲಿಲ್ಲ ಅಂದ್ರೆ ಅವನ ಹಣೆಬರ. ಆದ್ರೆ ಕೂಗದೇ ಮಾಡಿದ ನ್ಯಾಯ ನ್ಯಾಯವಲ್ಲ." ಕೋರ್ಟಿನ ಬಾಗಿಲಲ್ಲಿ ಜವಾನ ಹೆಸರನ್ನು ಮೂರು ಸಲ ಕೂಗುವುದನ್ನು ನೋಡಿದಾಗಲೆಲ್ಲ ನನಗೆ ಅಜ್ಜನ ಮಾತು ನೆನಪಾಗುತ್ತೆ. ಸಹಜ ನ್ಯಾಯ ಅಂತ ದೊಡ್ಡ ಹೆಸರಿಟ್ಟುಕೊಂಡಿರೋದು ಇದನ್ನೇ.

ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಹೇಗಿದೆ? ಒಂದು ಒಳ್ಳೆಯ ಉದಾಹರಣೆ 2019ರ ಸ್ಸಾಂಗ್‌ಯಾಂಗ್ ಪ್ರಕರಣ. ಕೊರಿಯಾದ ಆ ಕಂಪನಿ ಮಧ್ಯಪ್ರದೇಶದಲ್ಲಿ ಹೆದ್ದಾರಿ ಕಟ್ಟಿತ್ತು, ಎದುರಾಳಿ ನಮ್ಮ ಹೆದ್ದಾರಿ ಪ್ರಾಧಿಕಾರ. ಮಧ್ಯಸ್ಥಿಕೆ ನಡೆದದ್ದು ಭಾರತದಲ್ಲೇ, ಹಾಗಾಗಿ ಅದು ವಿದೇಶಿ ಐತೀರ್ಪಲ್ಲ. ಆದರೆ ಕಾಯ್ದೆಯ ಪದಗಳು ಎರಡೂ ಕಡೆ ಒಂದೇ. ಮೂವರು ಪಂಚರಲ್ಲಿ ಬಹುಮತದವರು ಸರ್ಕಾರದ ಕೆಲವು ಮಾರ್ಗಸೂಚಿಗಳನ್ನು ತಾವೇ ಹುಡುಕಿ ತಂದು ತೀರ್ಪಿಗೆ ಬಳಸಿಕೊಂಡರು. ಅವು ದಾಖಲೆಯಲ್ಲಿ ಇರಲಿಲ್ಲ, ಕಂಪನಿಗೆ ತೋರಿಸಲೂ ಇಲ್ಲ. ಬೆನ್ನ ಹಿಂದೆ ತಂದ ಕಾಗದದ ಬಗ್ಗೆ ಯಾರು ಏನು ಹೇಳೋಕಾಗುತ್ತೆ? ಸುಪ್ರೀಂ ಕೋರ್ಟು ಆ ಐತೀರ್ಪನ್ನು ತಳ್ಳಿಹಾಕಿತು. ಗೆದ್ದದ್ದು ವಿದೇಶಿ ಕಂಪನಿ, ಸೋತದ್ದು ನಮ್ಮ ಸರ್ಕಾರಿ ಸಂಸ್ಥೆ. ಶಹಭಾಸ್ ಅನ್ನಬೇಕು.

ಆದರೆ ಮುಂದಿನ ವರ್ಷ, 2020ರಲ್ಲಿ, ಎರಡೇ ತಿಂಗಳ ಅಂತರದಲ್ಲಿ ಎರಡು ತೀರ್ಪು ಬಂದವು. ಅವನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದೇ ಕೋರ್ಟಿನದೇ ಇವು ಅನ್ನಿಸುತ್ತೆ.

ಮೊದಲನೆಯದು ಫೆಬ್ರವರಿಯದ್ದು. ಇಟಲಿಯ ಪ್ರಿಸ್ಮಿಯಾನ್ ಕಂಪನಿಗೂ ರವಿನ್ ಕೇಬಲ್ಸ್‌ನ ಭಾರತೀಯ ಪಾಲುದಾರರಿಗೂ ನಡೆದ ಜಗಳ, ಲಂಡನ್ನಿನ ಮಧ್ಯಸ್ಥಿಕೆ. ಸೋತವರು "ನಮ್ಮ ವಾದ ಸರಿಯಾಗಿ ಕೇಳಲಿಲ್ಲ" ಅಂತ 48ನೇ ಕಲಮಿನ ಬಾಗಿಲು ಬಡಿದರು. ನ್ಯಾಯಮೂರ್ತಿ ನರಿಮನ್ ಅವರ ಪೀಠ ಹೇಳಿದ್ದರ ತಾತ್ಪರ್ಯ ಹೀಗೆ: ಮಾತಾಡಲು ಆಗಲಿಲ್ಲ ಅಂದರೆ ನಿಮ್ಮ ಕೈಮೀರಿದ ಕಾರಣದಿಂದ ಆಗಿರಬೇಕು, ಅವಕಾಶವೇ ಸಿಕ್ಕಿರಬಾರದು. ವಾದ ಕೇಳಿ ಒಪ್ಪಲಿಲ್ಲ ಅನ್ನೋದು ಬೇರೆ, ಕೇಳಲೇ ಇಲ್ಲ ಅನ್ನೋದು ಬೇರೆ. ಸುಮ್ಮನೆ ಎಳೆದಾಡಿದ್ದಕ್ಕೆ 50 ಲಕ್ಷ ರೂಪಾಯಿ ಖರ್ಚನ್ನೂ ಹಾಕಿತು!

ಎರಡನೆಯದು ಏಪ್ರಿಲ್‌ನದ್ದು, ನಾಫೆಡ್ ಪ್ರಕರಣ. ಇದು ಶೇಂಗಾ ಕಥೆ. 1980ರಲ್ಲಿ ನಾಫೆಡ್ ಸಂಸ್ಥೆ ಅಲಿಮೆಂಟಾ ಅನ್ನೋ ವಿದೇಶಿ ಕಂಪನಿಗೆ 5000 ಟನ್ ಶೇಂಗಾ ಬೀಜ ಕೊಡುವ ಕರಾರು ಮಾಡಿಕೊಂಡಿತ್ತು. ಸ್ವಲ್ಪ ಹೋಯಿತು, ಉಳಿದದ್ದನ್ನು ಮುಂದಿನ ವರ್ಷ ಕೊಡ್ತೀವಿ ಅಂತಾಯಿತು. ಆದರೆ ಸರ್ಕಾರ ರಫ್ತಿಗೆ ಅನುಮತಿ ಕೊಡಲಿಲ್ಲ. ಲಂಡನ್ನಿನ ಮಧ್ಯಸ್ಥಿಕೆಯಲ್ಲಿ 1989ರಲ್ಲಿ ನಾಫೆಡ್ ವಿರುದ್ಧ 46 ಲಕ್ಷ ಡಾಲರಿಗೂ ಮೀರಿದ ಐತೀರ್ಪು, ಬಡ್ಡಿ ಬೇರೆ. ಅದು ಜಾರಿಗೆ ಯೋಗ್ಯ ಅಂತ ದೆಹಲಿ ಹೈಕೋರ್ಟು 2000ದಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟು 2020ರಲ್ಲಿ ಇಲ್ಲ ಅಂದಿತು. ಅನುಮತಿ ಇಲ್ಲದೆ ರಫ್ತು ಮಾಡಿದರೆ ನಮ್ಮ ಕಾನೂನಿಗೆ ವಿರುದ್ಧ, ಕರಾರಿನ ಷರತ್ತಿನ ಪ್ರಕಾರವೇ ಕರಾರು ಮುಗಿದುಹೋಗಿತ್ತು, ಹಾಗಾಗಿ ಐತೀರ್ಪು ಸಾರ್ವಜನಿಕ ನೀತಿಗೆ ವಿರುದ್ಧ ಅನ್ನೋದು ಮುಖ್ಯ ಕಾರಣ.

ನಾಫೆಡ್ ಪರವಾಗಿ ಮರುಗಬಹುದು, ಸರ್ಕಾರವೇ ಬೇಡ ಅಂದಮೇಲೆ ಅದೇನು ಮಾಡುತ್ತೆ? ಆದರೆ ಕರಾರಿನ ಷರತ್ತಿಗೆ ಅರ್ಥ ಹೇಳುವುದು ಪಂಚರ ಕೆಲಸವಾಗಿತ್ತು. ಅದನ್ನು ಮತ್ತೆ ಬಿಚ್ಚಿ ನೋಡಬಾರದು ಅಂತ ತಾನೇ ಕಾಯ್ದೆ ಹೇಳೋದು? 2015ರ ತಿದ್ದುಪಡಿಯಲ್ಲಿ ಇದನ್ನು ಕಪ್ಪು ಅಕ್ಷರದಲ್ಲಿ ಸೇರಿಸಿದ್ದೂ ಆಗಿತ್ತು. ಇನ್ನೊಂದು ಮಾತು. ಐತೀರ್ಪು ಬಂದು 30 ವರ್ಷ ದಾಟಿದ ಮೇಲೆ "ಜಾರಿ ಇಲ್ಲ" ಅನ್ನೋದು ಯಾವ ರೀತಿಯ ನ್ಯಾಯ? ಗೆಲ್ಲಲಿ ಸೋಲಲಿ, ಮೂವತ್ತು ವರ್ಷ ವಾಯಿದೆಗೆ ಅಲೆಯೋದೇ ಒಂದು ಶಿಕ್ಷೆ. ನ್ಯಾಯದ ರೀತಿನೀತಿ ಅಂದರೆ ಕೇಳುವುದು ಮಾತ್ರವಲ್ಲ, ಹೇಳುವುದನ್ನು ಹೊತ್ತಿಗೆ ಸರಿಯಾಗಿ ಹೇಳುವುದೂ ಹೌದು.

ಈಗ ನಮ್ಮ ಊರಿನ ಜಗಳಕ್ಕೆ ಬರ್ತೀನಿ. ಆಂಟ್ರಿಕ್ಸ್ ಅಂದರೆ ಇಸ್ರೋದ ವಾಣಿಜ್ಯ ಅಂಗ, ನಮ್ಮ ಬೆಂಗಳೂರಿನದು. ದೇವಾಸ್ ಮಲ್ಟಿಮೀಡಿಯಾ 2004ರ ಡಿಸೆಂಬರಿನಲ್ಲಿ ಇಲ್ಲೇ ಹುಟ್ಟಿದ ಕಂಪನಿ. 2005ರ ಜನವರಿಯಲ್ಲಿ ಎರಡು ಉಪಗ್ರಹಗಳ ಎಸ್-ಬ್ಯಾಂಡ್ ತರಂಗಾಂತರದ ಬಳಕೆಗೆ ಇಬ್ಬರ ನಡುವೆ ಕರಾರಾಯಿತು. 2011ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ದೇಶದ ಅಗತ್ಯದ ಕಾರಣ ಕೊಟ್ಟು ಅದನ್ನು ರದ್ದು ಮಾಡಿಸಿತು. ಮಧ್ಯಸ್ಥಿಕೆಯಲ್ಲಿ 2015ರ ಸೆಪ್ಟೆಂಬರಿನಲ್ಲಿ ದೇವಾಸ್‌ಗೆ 56.25 ಕೋಟಿ ಡಾಲರ್ ಮತ್ತು ಬಡ್ಡಿ. ಇದರ ಮಧ್ಯಸ್ಥಿಕೆಯ ಸ್ಥಾನ ದೆಹಲಿ, ಆದ್ದರಿಂದ ನಮಗೆ ಅದು ದೇಶೀ ಐತೀರ್ಪು, ಅಮೆರಿಕಕ್ಕೆ ವಿದೇಶಿ. ಹೂಡಿಕೆ ಮಾಡಿದ್ದ ಜರ್ಮನಿಯ ಡಾಯ್ಚ ಟೆಲಿಕಾಂ ಮತ್ತು ಮಾರಿಷಸ್ ಕಂಪನಿಗಳು ಭಾರತ ಸರ್ಕಾರದ ಮೇಲೆಯೇ ಬೇರೆ ಬೇರೆ ಮಧ್ಯಸ್ಥಿಕೆ ಹೂಡಿ ಗೆದ್ದವು.

ಆಮೇಲೆ 2021ರ ಜನವರಿಯಲ್ಲಿ ಆಂಟ್ರಿಕ್ಸ್, ದೇವಾಸ್ ಕಂಪನಿ ಹುಟ್ಟಿದ್ದೇ ವಂಚನೆಗಾಗಿ, ಅದನ್ನು ಮುಚ್ಚಿಸಿ ಅಂತ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಯಿತು. ಮೇ ತಿಂಗಳಲ್ಲಿ ಮುಚ್ಚುವ ಆದೇಶ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು ಐತೀರ್ಪನ್ನೇ ರದ್ದು ಮಾಡಿತು, 2023ರ ಮಾರ್ಚಿನಲ್ಲಿ ಅದರ ವಿಭಾಗೀಯ ಪೀಠವೂ ಅದನ್ನೇ ಹೇಳಿತು.

ಇಲ್ಲಿ ನನ್ನ ಸಂಕಟ ಶುರು. ವಂಚನೆ ನಡೆದಿದೆ ಅಂತ ನಮ್ಮ ಸರ್ವೋಚ್ಚ ನ್ಯಾಯಾಲಯ ಹೇಳಿದೆ, ಆ ತೀರ್ಮಾನವನ್ನು ಇಲ್ಲಿ ಕೂತು ಅಲ್ಲಗಳೆಯುವಷ್ಟು ದೊಡ್ಡವನಲ್ಲ ನಾನು. ಬೊಕ್ಕಸದ ಹಣ ವಂಚಕರ ಪಾಲಾಗಬಾರದು ಅನ್ನೋದರಲ್ಲೂ ಎರಡು ಮಾತಿಲ್ಲ. ನನ್ನ ಪ್ರಶ್ನೆ ದಾರಿಯ ಬಗ್ಗೆ. ಮುಚ್ಚಿದ ಕಂಪನಿಯ ಪರವಾಗಿ ಕೋರ್ಟಿನಲ್ಲಿ ನಿಲ್ಲುವವರು ಯಾರು? ಅಫಿಶಿಯಲ್ ಲಿಕ್ವಿಡೇಟರ್, ಅಂದರೆ ಸರ್ಕಾರಿ ಅಧಿಕಾರಿ. ಐತೀರ್ಪು ರದ್ದಾಗಲಿ ಅನ್ನುವುದು ಸರ್ಕಾರಿ ಕಂಪನಿ, ಅದನ್ನು ಉಳಿಸಿಕೊಳ್ಳಬೇಕಾದವರು ಸರ್ಕಾರ ನೇಮಿಸಿದ ಅಧಿಕಾರಿ. ಷೇರುದಾರರು ಮೇಲ್ಮನವಿಗೆ ಹೋದರು, ಅವರ ಮಾತು ಕೇಳಲಾಯಿತು, ಸೋತರು, ಎಲ್ಲ ನಿಜ. ಆದರೂ ಕಟ್ಟೆಯ ಮೇಲೆ ಕೂತು ನೋಡುವ ಮೂರನೆಯವನಿಗೆ ಹೇಗೆ ಕಾಣುತ್ತೆ ಹೇಳಿ?

ಹೊರಗಿನವರಿಗೆ ಹೇಗೆ ಕಂಡಿತು ಅನ್ನೋದಕ್ಕೆ ಉತ್ತರ ಸಿಕ್ಕಾಗಿದೆ. ಡಾಯ್ಚ ಟೆಲಿಕಾಂ ವಿಷಯದಲ್ಲಿ ಸ್ವಿಸ್ ಕೋರ್ಟು 2018ರಲ್ಲೇ ಭಾರತದ ಆಕ್ಷೇಪ ತಿರಸ್ಕರಿಸಿತ್ತು. ಸಿಂಗಪುರದ ಮೇಲ್ಮನವಿ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ, ಮಧ್ಯಸ್ಥಿಕೆ ನಡೆದ ದೇಶದ ಕೋರ್ಟಿನಲ್ಲಿ ಸೋತ ವಾದವನ್ನೇ ಇಲ್ಲಿ ಮತ್ತೆ ಹೂಡುವ ಹಾಗಿಲ್ಲ ಅಂದಿತು. ಅಮೆರಿಕದ ಸಿಯಾಟಲ್ ಕೋರ್ಟು 2020ರಲ್ಲಿ ಆಂಟ್ರಿಕ್ಸ್ ವಿರುದ್ಧ ಸುಮಾರು 129 ಕೋಟಿ ಡಾಲರಿಗೆ ಡಿಕ್ರಿ ಕೊಟ್ಟಿತ್ತು. ಆಂಟ್ರಿಕ್ಸ್‌ಗೆ ಅಮೆರಿಕದ ಜೊತೆ ಸಾಕಷ್ಟು ನಂಟಿಲ್ಲ, ಅದನ್ನು ಇಲ್ಲಿಗೆ ಎಳೆಯೋದು ಸರಿಯಲ್ಲ ಅಂತ ಅಲ್ಲಿನ ಮೇಲ್ಮನವಿ ಕೋರ್ಟು 2023ರಲ್ಲಿ ಅದನ್ನು ತಳ್ಳಿತು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು, ವಿದೇಶಿ ಸರ್ಕಾರಗಳ ಕುರಿತ ಅವರ ಕಾಯ್ದೆಯಲ್ಲಿ ಅಂಥ ನಂಟಿನ ಷರತ್ತೇ ಇಲ್ಲ ಅಂತ ಒಮ್ಮತದಿಂದ ಹೇಳಿ, ಉಳಿದ ಪ್ರಶ್ನೆಗಳನ್ನು ಕೆಳಗೇ ನೋಡಿಕೊಳ್ಳಿ ಅಂತ ವಾಪಸ್ ಕಳಿಸಿತು. ಗಮನಿಸಿ, ಯಾವ ನಂಟೂ ಇಲ್ಲದ ಊರಿನ ಕೋರ್ಟಿಗೆ ಒಬ್ಬನನ್ನು ಎಳೆಯಬಹುದೇ ಅನ್ನೋದೂ ನ್ಯಾಯದ ರೀತಿಯ ಪ್ರಶ್ನೆಯೇ. ಆಂಟ್ರಿಕ್ಸ್ ಆ ಪ್ರಶ್ನೆ ಎತ್ತಿದ್ದರಲ್ಲಿ ನನಗೇನೂ ತಪ್ಪು ಕಾಣಲ್ಲ. ಕೂಗುವವನಿಗೂ ಒಂದು ಹದ್ದುಬಸ್ತು ಇರಬೇಕಲ್ಲ.

ಹಾಗಾದರೆ ವಂಚನೆಯಿಂದ ಪಡೆದ ಐತೀರ್ಪಿಗೆ ಮದ್ದೇ ಇಲ್ಲವೇ? ಇದೆ. ನೈಜೀರಿಯಾವನ್ನು ನೋಡಿ. ಪಿ ಅಂಡ್ ಐಡಿ ಅನ್ನೋ ಕಂಪನಿ 2010ರಲ್ಲಿ ಅನಿಲದ ಕರಾರು ಮಾಡಿಕೊಂಡು, ಒಂದು ಕಾರ್ಖಾನೆಯನ್ನೂ ಕಟ್ಟದೆ, 2017ರಲ್ಲಿ ಲಂಡನ್ ಮಧ್ಯಸ್ಥಿಕೆಯಲ್ಲಿ 660 ಕೋಟಿ ಡಾಲರ್ ಗೆದ್ದಿತು. ಬಡ್ಡಿ ಸೇರಿ ಅದು 1100 ಕೋಟಿಗೆ ಬೆಳೆಯಿತು. ನೈಜೀರಿಯಾ ಲಂಡನ್ನಿನ ಕೋರ್ಟಿಗೇ ಹೋಯಿತು. ಗಡುವು ಮೀರಿತ್ತು, ಆದರೂ ಕಾರಣ ನೋಡಿ ಕೋರ್ಟು ಒಳಗೆ ಬಿಟ್ಟಿತು. ವಾರಗಟ್ಟಲೆ ವಿಚಾರಣೆ, ಸಾಕ್ಷಿಗಳು, ಪಾಟೀಸವಾಲು, ಎರಡೂ ಕಡೆಯ ದೊಡ್ಡ ವಕೀಲರು. 2023ರ ಅಕ್ಟೋಬರಿನಲ್ಲಿ ನ್ಯಾಯಾಧೀಶ ನೋಲ್ಸ್ ಅವರು ಲಂಚ, ಸುಳ್ಳು ಸಾಕ್ಷಿ, ನೈಜೀರಿಯಾದ ಗುಟ್ಟಿನ ಕಾನೂನು ಕಾಗದಗಳನ್ನು ಎದುರಾಳಿ ಇಟ್ಟುಕೊಂಡದ್ದು, ಇವನ್ನೆಲ್ಲ ಬಿಡಿಸಿ ಬರೆದು ಐತೀರ್ಪು ವಂಚನೆಯಿಂದ ಪಡೆದದ್ದು ಅಂದರು. ಜಗತ್ತು ಒಪ್ಪಿತು. ಯಾಕೆ? ಸೋತವನ ಮಾತನ್ನೂ ಪೂರ್ತಿ ಕೇಳಿದ್ದರು, ಕೇಳಿದವರು ಇಬ್ಬರಿಗೂ ಸಂಬಂಧವಿಲ್ಲದವರು.

"ನಮ್ಮ ದೇಶದ ಹಣ, ನಮ್ಮ ಕೋರ್ಟು, ವಿದೇಶಿಯರಿಗೆ ಯಾಕೆ ಕೊಡಬೇಕು?" ಅಂತ ಕೇಳುವ ಗೆಳೆಯರಿದ್ದಾರೆ ನನಗೆ. ಅವರಿಗೆ ನನ್ನ ಉತ್ತರ ಇಷ್ಟೇ. ನಾಳೆ ಕೊಡಗಿನ ಕಾಫಿ ಬೆಳೆಗಾರನಿಗೆ, ಚಾಮರಾಜನಗರದ ಗ್ರಾನೈಟ್‌ನವನಿಗೆ ವಿದೇಶಿ ಖರೀದಿದಾರ ದುಡ್ಡು ಮುರಿದರೆ ಅವನ ಕೈಲಿರುವುದೂ ಇದೇ ಒಪ್ಪಂದ. ಅಲ್ಲಿನ ಕೋರ್ಟು "ನಮ್ಮ ಸಾರ್ವಜನಿಕ ನೀತಿ" ಅಂತ ಮೂವತ್ತು ವರ್ಷ ಕೂರಿಸಿದರೆ? ಕೊಟ್ಟು ತಗೊಳ್ಳುವ ವ್ಯವಹಾರ ಸ್ವಾಮೀ ಇದು.

ಹಾಗಂತ ಎಲ್ಲ ಐತೀರ್ಪನ್ನೂ ಕಣ್ಣುಮುಚ್ಚಿ ಜಾರಿ ಮಾಡಿ ಅನ್ನುವವನೂ ನಾನಲ್ಲ. ಇರುವೆ ಸಾಲಿನ ಷರತ್ತಿಗೆ ಸಹಿ ಹಾಕಿದ ಸಣ್ಣವನು ಲಂಡನ್ನಿಗೆ ಹೋಗಿ ವಕೀಲನನ್ನು ಹಿಡಿಯೋದು ಸುಲಭವಲ್ಲ ಅನ್ನೋದು ನನಗೆ ಸಂಬಳದ ಅನುಭವದಿಂದಲೇ ಗೊತ್ತು. ಹಾಗಾಗಿ ನೋಟೀಸಿನ ವಿಷಯದಲ್ಲಿ ಕೋರ್ಟು ಬಿಗಿಯಾಗಿರಲಿ. ಯಾವ ವಿಳಾಸಕ್ಕೆ ಹೋಯಿತು, ಯಾರ ಕೈಗೆ ಸಿಕ್ಕಿತು, ಉತ್ತರಕ್ಕೆ ಎಷ್ಟು ದಿನ ಕೊಟ್ಟರು, ಯಾವ ಕಾಗದ ತೋರಿಸಲಿಲ್ಲ, ಇದನ್ನೆಲ್ಲ ಭೂತಗನ್ನಡಿ ಹಿಡಿದು ನೋಡಲಿ. ಕೂಗು ಕೇಳಿಸಿಲ್ಲ ಅಂದರೆ ಐತೀರ್ಪನ್ನು ಆಚೆ ಎಸೆಯಲಿ. ಆದರೆ ಕೇಳಿಸಿತ್ತು ಅಂತ ಗೊತ್ತಾದ ಮೇಲೆ ಲೆಕ್ಕವನ್ನು ಮತ್ತೆ ಬಿಚ್ಚಬಾರದು, ವರ್ಷದೊಳಗೆ ಮುಗಿಸಬೇಕು. ಸೋತವರು ಸರ್ಕಾರವಾದರೂ ಅಷ್ಟೇ, ಉಪ್ಪಿನಕಾಯಿ ಕಂಪನಿಯಾದರೂ ಅಷ್ಟೇ.

ಆ ಅಫಿಡವಿಟ್ಟಿಗೆ ವಾಪಸ್ ಬರ್ತೀನಿ. ನಾನು ವಕೀಲರಿಗೆ ಫೋನ್ ಮಾಡಿ ಹಳೇ ಮೇಲ್‌ಬಾಕ್ಸಿನ ವಿಷಯ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮೌನ. "ನೀವು ಹೇಳಿದ್ದನ್ನ ನಾನು ಬರೀತೀನಿ. ಆದ್ರೆ ಸಹಿ ನಿಮ್ಮದು, ನೋಡಿ ಯೋಚನೆ ಮಾಡಿ" ಅಂದರು. ಯಜಮಾನರ ಕೋಣೆಗೆ ಹೋಗಿ, "ಸರ್, ಇದಕ್ಕೆ ನನ್ನ ಕೈಲಿ ಸಹಿ ಹಾಕೋಕಾಗಲ್ಲ" ಅಂದೆ. ಅವರು ತಲೆ ಎತ್ತಲಿಲ್ಲ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಕರೆದು, "ಅವರ ವಕೀಲರ ಹತ್ರ ಎಷ್ಟಕ್ಕೆ ಒಪ್ತಾರೆ ಕೇಳ್ಸಪ್ಪಾ" ಅಂದರು. ಸ್ವಲ್ಪ ಕಡಿಮೆ ಮಾಡಿಸಿಕೊಂಡು, ಕಂತಿನಲ್ಲಿ ಕಟ್ಟಿ ಮುಗಿಸಿದೆವು.

ಸತ್ಯಕ್ಕೆ ಜಯ ಅಂತ ಎದೆ ತಟ್ಟಿಕೊಳ್ಳೋಕೆ ಇದನ್ನು ಬರೆಯುತ್ತಿಲ್ಲ. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು, ಅದು ಇವತ್ತಿಗೂ ಚುಚ್ಚುತ್ತೆ. ಐತೀರ್ಪನ್ನು ಕೊನೆಗೂ ಪೂರ್ತಿ ಕೂತು ಓದಿದೆ. ಮಿಡಿಯ ಮಾದರಿಯನ್ನು ಪರೀಕ್ಷೆಗೆ ತೆಗೆದದ್ದು ಡ್ರಮ್ಮುಗಳು ಅವರ ಅಂಗಳದಲ್ಲಿ ಬೇಸಿಗೆಯ ಮೂರು ತಿಂಗಳು ಬಿದ್ದಿದ್ದ ಮೇಲೆ! ಮೆತ್ತಗಾಗದೆ ಇನ್ನೇನಾಗುತ್ತೆ? ಆ ಒಂದು ಮಾತನ್ನು ಮಧ್ಯಸ್ಥಗಾರರಿಗೆ ಹೇಳಿದ್ದರೆ ಬಹುಶಃ ನಾವು ಗೆಲ್ಲುತ್ತಿದ್ದೆವು. ಹೇಳಲು ಒಂದು ಮೇಲ್ ಸಾಕಿತ್ತು. ನಮ್ಮನ್ನು ಕೂಗಿದ್ದರು, ನಮಗೆ ಕೇಳಿಸಿತ್ತು, ನಾವೇ ಬಾಗಿಲು ತೆಗೆಯಲಿಲ್ಲ. ಹೇಳಬೇಕಾದ ಜಾಗದಲ್ಲಿ ನಿಜ ಹೇಳದೆ, ಕೊನೆಗೆ ಹೇಳಬಾರದ ಜಾಗದಲ್ಲಿ ಸುಳ್ಳು ಹೇಳಲು ಹೊರಟಿದ್ದೆವು.

ಕರಾರಿನ ಕೊನೆಯ ಪುಟವನ್ನು ಈಗ ನಾನು ಮೊದಲು ಓದ್ತೀನಿ. ನೀವೂ ಓದಿ.

ನಿಮ್ಮಲ್ಲಿ ಕಾನೂನು ಬಲ್ಲವರು ಇದ್ದರೆ, ನಾನು ಎಲ್ಲಾದರೂ ಎಡವಿದ್ದರೆ ತಿದ್ದಿ. ಅದರಲ್ಲೂ ನಾಫೆಡ್ ತೀರ್ಪು ಸರಿ ಅನ್ನುವವರು ಇದ್ದರೆ ಖಂಡಿತ ಹೇಳಿ. ಇಷ್ಟೆಲ್ಲ ಬರೆದ ಮೇಲೆ ನಿಮ್ಮ ಮಾತು ಕೇಳದೇ ಇರೋಕಾಗುತ್ತಾ!